ಬಚ್ಚಲಿನ ನೀರು ಕೆಳಮನೆಗೆ ಇಳಿಯುವ ದಾರಿ

ಮುಂಬೈ ಕಡೆಯ ಡೊಂಬಿವಲಿಯ ಹಳೆ ವಸತಿ ಸೊಸೈಟಿಯಿರಲಿ, ಮುಲುಂಡಿನ ಹೊಸ ಟವರ್ ಇರಲಿ, ಜಗಳ ಶುರುವಾಗುವುದು ಒಂದೇ ತರಹ. ಕೆಳಮನೆಯವರು ಬಂದು ಚಾವಣಿಯ ಕಂದು ಕಲೆ ತೋರಿಸುತ್ತಾರೆ. ಮೇಲಿನವರು, "ನಮ್ಮ ಟೈಲ್ಸ್ ಒಂದೂ ಒಡೆದಿಲ್ಲವಲ್ಲ!" ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಟೈಲ್ಸ್ ಇರುವುದು ತೊಳೆಯಲು ಸುಲಭವಾಗಲೆಂದು. ನೀರು ತಡೆಯುವ ಕೆಲಸ ಅದರ ಅಡಿಯ ಪದರದ್ದು. ಸಂದುಗಳಿಗೆ ತುಂಬಿದ ವೈಟ್ ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಕೇಶಾಕರ್ಷಣೆಯಿಂದ ಅವು ನೀರನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತವೆ.

ಮುಂಬೈಯ ಬಹಳಷ್ಟು ಕಟ್ಟಡಗಳಲ್ಲಿ, ಪೈಪು ಹಾಯಲೆಂದು ಬಚ್ಚಲುಮನೆಯ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ತಗ್ಗಿಸಿ ಹಾಕಿರುತ್ತಾರೆ. ಹಳೆಯ ಕಟ್ಟಡಗಳಲ್ಲಿ ಈ ತಗ್ಗು ಒಂದಡಿ ಇರುವುದುಂಟು. ಅದರೊಳಗೆ ಇಟ್ಟಿಗೆ ಚೂರು ಮತ್ತು ಗಾರೆ ತುಂಬುತ್ತಾರೆ. ಮೇಸ್ತ್ರಿಗಳು ಇದನ್ನು ಕೋಬಾ ಅನ್ನುತ್ತಾರೆ. 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲಿನಲ್ಲಿ ಈ ತಗ್ಗು 35 ಘನ ಅಡಿ, ಸುಮಾರು 990 ಲೀಟರ್. ಅದರಲ್ಲಿ ಐದನೇ ಒಂದು ಭಾಗ ಟೊಳ್ಳು ಎಂದುಕೊಂಡರೂ ಹತ್ತಿರಹತ್ತಿರ 200 ಲೀಟರ್ ನೀರು ಸದ್ದಿಲ್ಲದೆ ಅಲ್ಲಿ ನಿಲ್ಲಬಹುದು. ಆದ್ದರಿಂದಲೇ ಬಚ್ಚಲು ಬಳಸುವುದನ್ನು ನಿಲ್ಲಿಸಿ ವಾರವಾದರೂ ಕೆಳಗೆ ತೊಟ್ಟಿಕ್ಕುತ್ತಿರುತ್ತದೆ, ಕಲೆ ಕಾಣಿಸಿದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದೂ ಇಲ್ಲ.

ಚಾವಣಿಯಲ್ಲಿ ಬಿಳಿ ಹೆಪ್ಪು ಕಟ್ಟಿದ್ದರೆ ಉದಾಸೀನ ಬೇಡ. ಕಾಂಕ್ರೀಟಿನ ಸುಣ್ಣ ನೀರಿನಲ್ಲಿ ಕರಗಿ ಹೊರಬಂದು, ಗಾಳಿಯ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಗಟ್ಟಿಯಾದದ್ದು ಅದು. ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಪಾಡುವುದು ಇದೇ ಸುಣ್ಣದ ಕ್ಷಾರ. ಕ್ಷಾರ ತಗ್ಗಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಚಾವಣಿಯ ಪದರ ಚಕ್ಕೆಯಾಗಿ ಬೀಳುತ್ತದೆ.

ಸುತ್ತಿಗೆ ಎತ್ತುವ ಮೊದಲು ಕಾರಣ ಹುಡುಕಬೇಕು. ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಆ ಬಚ್ಚಲಿಗೆ ಬರುವ ನೀರು ನಿಲ್ಲಿಸುವ ಸ್ಟಾಪ್‌ಕಾಕ್ ಮುಚ್ಚಿ ಕೆಲವು ದಿನ ನೋಡಿ. ಬಚ್ಚಲು ಬಳಸದಿದ್ದರೂ ಹಗಲುರಾತ್ರಿ ಒಂದೇ ಸಮ ಸೋರುತ್ತಿದ್ದದ್ದು ಈಗ ಕಡಿಮೆಯಾದರೆ ಗೋಡೆಯೊಳಗಿನ ನಲ್ಲಿ ಪೈಪೇ ಕಳ್ಳ. ಅಲ್ಲವಾದರೆ ನಹಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ಕಿಂಡಿಯ ಬಾಯಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ 48 ಗಂಟೆ ಬಿಡಿ. ಗೆರೆ ದಾಟಿ ಪಸೆ ಹರಡಿದರೆ ನೆಲದ್ದೇ ದೋಷ. ಹರಡದಿದ್ದರೆ ಟ್ರ್ಯಾಪ್ ತೆರೆದು ಬಕೆಟ್ಟುಗಟ್ಟಲೆ ನೀರು ಸುರಿಯಿರಿ. ಆಗ ಸೋರಿದರೆ ಟ್ರ್ಯಾಪಿನ ಅಥವಾ ಅದರಿಂದ ನೀರು ಹೊರಹೋಗುವ ಪೈಪಿನ ಜಾಯಿಂಟಿನ ದೋಷ. ಈ ಪರೀಕ್ಷೆಗೆ ಮಳೆಗಾಲ ಬೇಡ, ಹೊರಗೋಡೆಯಿಂದ ಇಳಿಯುವ ನೀರು ಲೆಕ್ಕ ತಪ್ಪಿಸುತ್ತದೆ. ಫೆಬ್ರವರಿ, ಮಾರ್ಚ್ ವಾಸಿ.

ನೆಲದ್ದೇ ದೋಷವೆಂದಾದರೆ ಟೈಲ್ಸ್ ಕಿತ್ತು, ಒದ್ದೆ ಕೋಬಾ ತೆಗೆದು, ಸ್ಲ್ಯಾಬ್ ಕಾಣುವವರೆಗೆ ಇಳಿಯಬೇಕು. ಅಡಿ ಸ್ಲ್ಯಾಬಿಗೆ ಒಮ್ಮೆ, ಕೋಬಾ ತುಂಬಿದ ಮೇಲೆ ಇನ್ನೊಮ್ಮೆ, ಹೀಗೆ ವಾಟರ್‌ಪ್ರೂಫಿಂಗ್ ಎರಡು ಸಲ. ಬಳಸುವುದು ಹೆಚ್ಚಾಗಿ ಸಿಮೆಂಟ್ ಪುಡಿ ಮತ್ತು ಪಾಲಿಮರ್ ದ್ರವ ಕಲಸುವ ಎರಡು ಭಾಗದ ಲೇಪ. ಹಚ್ಚುವ ಮೊದಲು ನೆಲ ಒದ್ದೆ ಮಾಡಿ, ನಿಂತ ನೀರು ಒರೆಸಿರಬೇಕು. ಒಣ ಕಾಂಕ್ರೀಟು ಲೇಪದ ನೀರನ್ನೇ ಕುಡಿದು ಅದನ್ನು ಪುಡಿಪುಡಿ ಮಾಡುತ್ತದೆ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೆ ಕನಿಷ್ಠ ಒಂದಡಿ, ಶವರ್ ಕೆಳಗೆ ಆರಡಿ ಏರಬೇಕು.

ಸೋಲುವುದು ನಡುನೆಲದಲ್ಲಲ್ಲ, ಅಂಚಿನಲ್ಲಿ. ನೆಲ ಮತ್ತು ಗೋಡೆ ಸೇರುವ ಮೂಲೆ ಕಟ್ಟಡದ ಸಣ್ಣ ಚಲನೆಗೇ ಬಿರಿಯುತ್ತದೆ. ಅಲ್ಲಿ 50 ಮಿ.ಮೀ. ಗಾರೆಯ ಇಳಿಜಾರು ಪಟ್ಟಿ ಕಟ್ಟಿ, ಲೇಪದ ನಡುವೆ ಫೈಬರ್ ಜಾಲರಿ ಹುದುಗಿಸಬೇಕು. ಪೈಪಿನ ಪ್ಲಾಸ್ಟಿಕ್ಕಿಗೆ ಸಿಮೆಂಟ್ ಅಂಟುವುದಿಲ್ಲ; ಸುತ್ತ 25 ಮಿ.ಮೀ. ಕೊರೆದು ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿಸಿ.

ಇನ್ನು ಟ್ರ್ಯಾಪ್. ಅನೇಕ ಕಡೆ ಅದರ ಬಾಯಿ ಟೈಲ್ಸ್ ಮಟ್ಟಕ್ಕೆ ಮಾತ್ರ ಸರಿಯಾಗಿರುತ್ತದೆ. ಟೈಲ್ಸ್ ಅಡಿಗೆ ಸೇರಿದ ನೀರಿಗೆ ಒಳಹೋಗುವ ದಾರಿಯೇ ಇಲ್ಲ! ಲೇಪ ಟ್ರ್ಯಾಪಿನ ಕೊರಳೊಳಗೆ ಇಳಿದಿರಬೇಕು, ಲೇಪದ ಮಟ್ಟದಲ್ಲೂ ನೀರು ಒಳಹರಿಯಲು ಸಣ್ಣ ತೂತು ಬೇಕು. ಮೀಟರಿಗೆ 10ರಿಂದ 12 ಮಿ.ಮೀ. ಇಳಿಜಾರನ್ನೂ ಲೇಪದ ಅಡಿಯಲ್ಲೇ ಕೊಡಬೇಕು. ಮೇಲೆ ಟೈಲ್ಸನ್ನಷ್ಟೇ ಓರೆ ಮಾಡಿದರೆ ತೋರಿಕೆಗೆ ಮಾತ್ರ.

ಲೇಪ ಮೂರ್ನಾಲ್ಕು ದಿನ ಒಣಗಿದ ಮೇಲೆ ಮತ್ತೆ 48 ಗಂಟೆ ನೀರು ನಿಲ್ಲಿಸಿ, ಕೆಳಮನೆಯವರಿಗೇ ಚಾವಣಿ ನೋಡಲು ಹೇಳಿ. ಆಮೇಲೇ ಟೈಲ್ಸ್. ಗುತ್ತಿಗೆದಾರರು ಬಿಡಲು ನೋಡುವ ಹಂತವೂ ಇದೇ, ಎರಡು ದಿನ ಕೂಲಿ ನಿಂತುಬಿಡುತ್ತದಲ್ಲ. ಪರೀಕ್ಷೆ ಮುಗಿದ ಕೂಡಲೇ ಮೇಲೊಂದು ಗಾರೆ ಪದರ ಹಾಸಿ, ಇಲ್ಲದಿದ್ದರೆ ಕೆಲಸದವರ ಚಪ್ಪಲಿಗೂ ಕರಣೆಗೂ ಸಿಕ್ಕಿ ಲೇಪ ಕಿತ್ತುಹೋಗುತ್ತದೆ. ಟೈಲ್ಸ್ ಸಂದಿಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಹಾಕಿಸಿ.

ಕೆಳಗಿನಿಂದ ರಾಸಾಯನಿಕ ಇಂಜೆಕ್ಷನ್ ಕೊಡಿಸಿ ಮುಗಿಸೋಣ ಎನ್ನುವವರಿದ್ದಾರೆ. ಅದರಿಂದ ತೊಟ್ಟಿಕ್ಕುವುದು ನಿಲ್ಲಬಹುದು, ಕೋಬಾದೊಳಗಿನ ನೀರು ಅಲ್ಲೇ ಉಳಿದು ಬೇರೆ ಬಿರುಕು ಹುಡುಕುತ್ತದೆ. ಖರ್ಚಿನ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಬಚ್ಚಲು, ಸಿಂಕ್ ಮುಂತಾದ ಒಳಸೋರಿಕೆ ಆ ಫ್ಲ್ಯಾಟಿನವರ ಹೊಣೆ, ಹೊರಗಿನ ಸಾಮೂಹಿಕ ಪೈಪಿನದು ಸೊಸೈಟಿಯ ಹೊಣೆ. ರಿಪೇರಿಯಾದ ನೆಲಕ್ಕೆ ಆ್ಯಸಿಡ್ ಸುರಿದು ತೊಳೆಯಬೇಡಿ, ಸಿಮೆಂಟಿನ ಗ್ರೌಟನ್ನು ಅದು ತಿನ್ನುತ್ತದೆ. ಕಮೋಡ್ ಕೂರಿಸುವವರು ಸ್ಕ್ರೂಗೆ ಡ್ರಿಲ್ ಹಿಡಿದರೆ ತೂತು ಎಷ್ಟು ಆಳ ಹೋಗುತ್ತದೆಂದು ಕೇಳಿ, ಲೇಪ ಮುಟ್ಟುವಂತಿದ್ದರೆ ಸಿಲಿಕೋನ್ ತುಂಬಿಸಿದ ಮೇಲೆಯೇ ಬಿಗಿಸಲು ಹೇಳಿ.