ಬಿಸಿಲಿನಿಂದ ಜಲಜನಕ: ನೂರು ಚದರ ಮೀಟರಿಗೆ ಎಷ್ಟು ಗ್ರಾಂ?

ಮೇಲೊಂದು ಗಾಜು, ಅದರಡಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳ್ಳನೆಯ ನೀರು, ಅದರಡಿ ಪುಡಿ ಬಳಿದ ಹಾಳೆ. ಬಿಸಿಲು ಬಿದ್ದರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಹಾಳೆಯಿಂದ ಗುಳ್ಳೆಗಳೇಳುತ್ತವೆ. ತಂತಿಯಿಲ್ಲ, ಬ್ಯಾಟರಿಯಿಲ್ಲ. ಟೋಕಿಯೊ ವಿಶ್ವವಿದ್ಯಾಲಯದ ಕಝುನಾರಿ ಡೋಮೆನ್ ಅವರ ತಂಡ ಇಂಥ 1,600 ಪ್ಯಾನೆಲ್ ಜೋಡಿಸಿ, 100 ಚದರ ಮೀಟರಿನ ಘಟಕವನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ನಡೆಸಿತು. ಅದರ ವಿವರ ಪ್ರಕಟವಾದದ್ದು 2021ರಲ್ಲಿ.

ಆ ಪುಡಿ ಸ್ಟ್ರಾನ್ಷಿಯಂ ಟೈಟನೇಟ್. ಬೆಳಕು ತಾಗಿದಾಗ ಹರಳಿನೊಳಗೆ ಎಲೆಕ್ಟ್ರಾನ್ ಮೇಲಕ್ಕೇಳುತ್ತದೆ, ಅದಿದ್ದ ಜಾಗ ತೆರವಾಗುತ್ತದೆ. ಎಲೆಕ್ಟ್ರಾನ್ ನೀರಿನಿಂದ ಜಲಜನಕ ಬಿಡಿಸುತ್ತದೆ, ತೆರವು ಆಮ್ಲಜನಕ ಬಿಡಿಸುತ್ತದೆ. ಆದರೆ ಹರಳಿನಲ್ಲಿ ದೋಷಗಳಿದ್ದರೆ ಎರಡೂ ಅಲ್ಲೇ ಕೂಡಿಕೊಂಡು, ಹೀರಿದ ಬೆಳಕು ಬರೀ ಶಾಖವಾಗಿಬಿಡುತ್ತದೆ. ಅದಕ್ಕೇ ಚೂರು ಅಲ್ಯೂಮಿನಿಯಂ ಸೇರಿಸಿ, ಕರಗಿದ ಸ್ಟ್ರಾನ್ಷಿಯಂ ಕ್ಲೋರೈಡಿನಲ್ಲಿ 1,150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹರಳು ಬೆಳೆಸುತ್ತಾರೆ. ಆಮೇಲೆ ಎಲೆಕ್ಟ್ರಾನ್ ಬಂದು ಸೇರುವ ಮುಖಗಳ ಮೇಲೆ ರೋಡಿಯಂ, ಉಳಿದ ಮುಖಗಳ ಮೇಲೆ ಕೋಬಾಲ್ಟ್ ಸಂಯುಕ್ತ ಕೂರಿಸುತ್ತಾರೆ. ರೋಡಿಯಂ ಕಣಕ್ಕೆ ಕ್ರೋಮಿಯಂ ಆಕ್ಸೈಡಿನ ಹೊದಿಕೆ ಸರಿಯಾಗಿ ಕೂರದಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು: ಬಿಡಿಸಿದ ಎರಡೂ ಅನಿಲ ಬರಿಯ ರೋಡಿಯಂ ಮೇಲೆ ಕೂಡಿ ಮತ್ತೆ ನೀರಾಗುತ್ತವೆ.

ಇಷ್ಟು ನಾಜೂಕಾಗಿ ಮಾಡಿದರೆ 350–360 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕಿನಲ್ಲಿ ಹೀರಿದ ಬೆಳಕಿನ ಕಣಗಳ (ಫೋಟಾನ್) ಪೈಕಿ ಶೇ 95ಕ್ಕೂ ಹೆಚ್ಚು ಕೆಲಸಕ್ಕೆ ಬರುತ್ತವೆ. ಅದ್ಭುತವೇ ಸರಿ. ಆದರೆ ಬಿಸಿಲಿನಲ್ಲಿ ಅತಿನೇರಳೆಯ ಪಾಲು ಶೇ 5ರ ಆಸುಪಾಸು. ಬಯಲಿನ ಘಟಕದ ದಕ್ಷತೆ ಹೆಚ್ಚೆಂದರೆ ಶೇ 0.76. ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ (ಕಿಲೋವಾಟ್-ಗಂಟೆ) ಬಿಸಿಲೆಂದು ಹಿಡಿದರೂ ಇಡೀ ಘಟಕಕ್ಕೆ ಸುಮಾರು 115 ಗ್ರಾಂ ಜಲಜನಕ. ಅಷ್ಟೇ ಜಾಗದಲ್ಲಿ ಶೇ 20 ದಕ್ಷತೆಯ ಸೋಲಾರ್ ಪ್ಯಾನೆಲ್ ಹಾಕಿ, ಆ ವಿದ್ಯುತ್ತಿನಿಂದ ನೀರು ಒಡೆಯುವ, ಕಿಲೋ ಜಲಜನಕಕ್ಕೆ 55 ಯೂನಿಟ್ ಬೇಡುವ ಎಲೆಕ್ಟ್ರೊಲೈಸರ್ ನಡೆಸಿದರೆ 1.8 ಕಿಲೋ ಸಿಗುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನೂ ದುಡಿಸಿಕೊಳ್ಳುವ ಪುಡಿ ಬೇಕು. ಬೇರೆ ಸುಧಾರಣೆಗಳೆಲ್ಲ ಆಮೇಲಿನ ಮಾತು.

ಹೊರಬರುವುದು ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕದ ಮಿಶ್ರಣ. ಕಿಡಿ ತಾಗಿದರೆ ಸಿಡಿಯುತ್ತದೆ. ಅದಕ್ಕೇ ಅನಿಲ ಎಲ್ಲೂ ದೊಡ್ಡ ಜಾಗದಲ್ಲಿ ಶೇಖರವಾಗಬಾರದು. ಜಲಜನಕವನ್ನು ಬೇರ್ಪಡಿಸಲು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಪೊರೆಯ ಮೂಲಕ ಹಾಯಿಸಿದಾಗ ಶೇ 73ರಷ್ಟು ಜಲಜನಕ ಕೈಗೆ ಬಂತು, ಅಂದರೆ ನಮ್ಮ ಲೆಕ್ಕದಲ್ಲಿ 84 ಗ್ರಾಂ. ಶುದ್ಧತೆ ಸುಮಾರು ಶೇ 94.

ಇದನ್ನು ಹಾಗೆಯೇ ಶೇಖರಿಸುವಂತಿಲ್ಲ. ಮೊದಲು ಪಲ್ಲಾಡಿಯಂ ಮೇಲೆ ಹಾಯಿಸಿ, ಉಳಿದ ಆಮ್ಲಜನಕವನ್ನು ನೀರಾಗಿಸಿ, ಆ ತೇವ ತೆಗೆಯಬೇಕು. ಇಲ್ಲದಿದ್ದರೆ ಅನಿಲವನ್ನು ಹೀರಿಡುವ ಲ್ಯಾಂಥನಂ–ನಿಕ್ಕಲ್ ಮಿಶ್ರಲೋಹದ ಮೈ ಆಕ್ಸೈಡ್ ಕಟ್ಟಿ ಮಂಕಾಗುತ್ತದೆ. ಈ ಲೋಹ ಹೀರುವುದು ತನ್ನ ತೂಕದ ಶೇ 1.4ರಷ್ಟು, 84 ಗ್ರಾಂಗೆ 6 ಕಿಲೋ ಲೋಹ ಬೇಕು. ವಾಹನಕ್ಕೆ ಇದು ಹೊರೆ, ಮನೆಯ ಮೂಲೆಯಲ್ಲಿಡಲು ಅಡ್ಡಿಯಿಲ್ಲ: ಕೋಣೆಯ ತಾಪದಲ್ಲಿ ಕೆಲವೇ ಬಾರ್ ಒತ್ತಡ ಸಾಕು. ಹೀರುವಾಗ ಹೊಮ್ಮುವ ಶಾಖ ನಾಲ್ಕು ಲೀಟರ್ ನೀರನ್ನು ಕುದಿಗೆ ತರುವಷ್ಟಿದೆ. ಅದನ್ನು ತೆಗೆಯದಿದ್ದರೆ ಹೀರುವುದೇ ನಿಲ್ಲುತ್ತದೆ. ಜೊತೆಗೆ ಲೋಹ ಸುಮಾರು ಕಾಲು ಭಾಗ ಉಬ್ಬಿ, ಬಿರಿದು, ದಿನಕಳೆದಂತೆ ಹಿಟ್ಟಾಗಿ ತಳದಲ್ಲಿ ಬಿಗಿಯುತ್ತದೆ. ಕಂಠಮಟ್ಟ ತುಂಬಿ ನಿಲ್ಲಿಸಿದ ಡಬ್ಬಿ ಹೀಗೆಯೇ ಬುಡದಲ್ಲಿ ಸೀಳುವುದು. ಅದಕ್ಕೇ ಜಾಗ ಬಿಟ್ಟು ತುಂಬಿ, ಅಡ್ಡ ಮಲಗಿಸುತ್ತಾರೆ.