ಗೋಧಿ ಗಿಡ್ಡವಾದ ಕತೆ

ಗೊಬ್ಬರ ಜಾಸ್ತಿ ಹಾಕಿದರೆ ಬೆಳೆಯೂ ಜಾಸ್ತಿ ಬರಬೇಕು, ಅಲ್ವಾ? ಹಳೆಯ ಗೋಧಿ ತಳಿಗಳಲ್ಲಿ ಹಾಗಾಗುತ್ತಿರಲಿಲ್ಲ. ಸಾರಜನಕ ಸಿಕ್ಕರೆ ದಂಟು ಉದ್ದುದ್ದ ಬೆಳೆಯುತ್ತಿತ್ತು. ಕಾಳು ತುಂಬಿ ತೆನೆ ಭಾರವಾದಾಗ ಒಂದು ಜೋರು ಗಾಳಿ-ಮಳೆ ಬಂದರೆ ಮುಗಿಯಿತು, ಪೈರು ನೆಲಕ್ಕೆ ಮಲಗಿಬಿಡುತ್ತಿತ್ತು. ಮಲಗಿದ ಪೈರಿನಲ್ಲಿ ಕಾಳು ಸರಿಯಾಗಿ ತುಂಬುವುದಿಲ್ಲ, ಕೊಯ್ಯುವುದೂ ಕಷ್ಟ.

ದಾರಿ ಸಿಕ್ಕಿದ್ದು ಜಪಾನಿನಲ್ಲಿ. ಅಲ್ಲಿನ 'ದರುಮ' ಎಂಬ ಗಿಡ್ಡ ಗೋಧಿಯನ್ನು ಅಮೆರಿಕದ ತಳಿಗಳ ಜೊತೆ ಬೆರೆಸಿ ತಳಿ ವಿಜ್ಞಾನಿ ಗೊಂಜಿರೊ ಇನಾಝುಕ ಬೆಳೆಸಿದ 'ನೋರಿನ್ 10' 1935ರಲ್ಲಿ ಹೊರಬಂತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದರ ಬೀಜ ಅಮೆರಿಕಕ್ಕೆ ಹೋಯಿತು. ಅಲ್ಲಿ ಗೋಧಿ ತಳಿ ವಿಜ್ಞಾನಿ ಆರ್ವಿಲ್ ವೋಗೆಲ್ ಅದನ್ನು ತಮ್ಮ ತಳಿಗಳಿಗೆ ಸೇರಿಸಿದರು. ಅವರಿಂದ ಬೀಜ ಪಡೆದ ಇನ್ನೊಬ್ಬ ಅಮೆರಿಕನ್ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ಕೆಲಸ ಮುಂದುವರಿಸಿದರು. 1966ರಲ್ಲಿ ಭಾರತ ಅಲ್ಲಿಂದ 18,000 ಟನ್ ಬೀಜ ತರಿಸಿತು. ಅದೇ ವರ್ಷ ಫಿಲಿಪ್ಪೀನ್ಸ್‌ನಿಂದ ಗಿಡ್ಡ ಭತ್ತ 'ಐಆರ್ 8' ಬಂತು. ಅದರ ಗಿಡ್ಡತನ ತೈವಾನಿನ ಹಳೆಯ ತಳಿಯೊಂದರಿಂದ ಬಂದದ್ದು.

ಗಿಡ ಯಾಕೆ ಗಿಡ್ಡವಾಯಿತು ಎಂಬುದು ಗೊತ್ತಾಗಲು ಇನ್ನೂ ಮೂರು ದಶಕ ಬೇಕಾಯಿತು. ದಂಟನ್ನು ಉದ್ದ ಮಾಡುವ ಹಾರ್ಮೋನು ಜಿಬ್ಬರೆಲಿನ್. ಗಿಡದೊಳಗೆ ಬೆಳವಣಿಗೆಗೆ ಬ್ರೇಕ್ ಹಾಕುವ ಒಂದು ಪ್ರೋಟೀನ್ ಇರುತ್ತದೆ. ಜಿಬ್ಬರೆಲಿನ್ ಬಂದರೆ ಆ ಬ್ರೇಕ್ ಬಿಡುತ್ತದೆ. ಗಿಡ್ಡ ಗೋಧಿಯಲ್ಲಿ ಈ ಬ್ರೇಕ್ ಹಾರ್ಮೋನಿನ ಮಾತು ಕೇಳುವುದೇ ಇಲ್ಲ ಎಂದು 1999ರಲ್ಲಿ ಗೊತ್ತಾಯಿತು. ಭತ್ತದಲ್ಲಿ ತೊಂದರೆ ಬೇರೆ ಕಡೆ: ಹಾರ್ಮೋನು ತಯಾರಿಸುವ ಒಂದು ಜೀನ್ ಕೆಟ್ಟಿತ್ತು. ಇದು ಬೆಳಕಿಗೆ ಬಂದದ್ದು 2002ರಲ್ಲಿ. ಹಾಗಾಗಿ ಜಿಬ್ಬರೆಲಿನ್ ಸಿಂಪಡಿಸಿದರೆ ಗಿಡ್ಡ ಭತ್ತ ಎತ್ತರ ಬೆಳೆಯುತ್ತದೆ, ಗಿಡ್ಡ ಗೋಧಿ ಸುಮ್ನೆ ಇದ್ದಷ್ಟೇ ಇರುತ್ತದೆ. ಎರಡು ಬೆಳೆ, ಒಂದೇ ಹಾರ್ಮೋನು, ಎರಡು ಬೇರೆ ಬೇರೆ ದಾರಿ. ನನಗಂತೂ ಇಡೀ ಕತೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಗಿಡ್ಡ ಗೋಧಿಯಲ್ಲಿ ಹುಲ್ಲಿಗೆ ಹೋಗುತ್ತಿದ್ದ ಶಕ್ತಿಯ ಒಂದು ಪಾಲು ಕಾಳಿಗೆ ಬಂತು. ಆದರೆ ಆ ಬ್ರೇಕ್ ದಂಟಿಗೆ ಮಾತ್ರ ಅಲ್ಲ. ಮಣ್ಣನ್ನು ಸೀಳಿ ಮೇಲೆ ಬರುವಾಗ ಎಳೆ ಎಲೆಯನ್ನು ಕಾಯುವ ಕವಚವೂ ಗಿಡ್ಡವಾಯಿತು. ನೀರಾವರಿ ಇರುವಲ್ಲಿ ಇದು ದೊಡ್ಡ ತೊಂದರೆಯಲ್ಲ. ಒಣಭೂಮಿಯಲ್ಲಿ ಹಸಿ ಇರುವುದು ಆಳದಲ್ಲಿ, ಬೀಜವನ್ನೂ ಆಳಕ್ಕೇ ಬಿತ್ತಬೇಕು. ಅಲ್ಲಿಂದ ಮೇಲೆ ಬರಲಾರದೆ ಮೊಳಕೆ ಮಣ್ಣಿನೊಳಗೇ ಸಾಯುತ್ತದೆ. ಅದಕ್ಕೇ ಆಸ್ಟ್ರೇಲಿಯದ ವಿಜ್ಞಾನಿಗಳು ಈಗ ಬೇರೆ ಗಿಡ್ಡ ಜೀನ್‌ಗಳ ಬೆನ್ನು ಹತ್ತಿದ್ದಾರೆ. 'ಆರ್‌ಎಚ್‌ಟಿ 18' ಅವುಗಳಲ್ಲೊಂದು. ಅದು ದಂಟನ್ನು ಗಿಡ್ಡ ಮಾಡುತ್ತದೆ, ಮೊಳಕೆಯ ಕವಚವನ್ನು ಮಾತ್ರ ಉದ್ದವಾಗಿಯೇ ಬಿಡುತ್ತದೆ.