1/8 ಡೆಮಿ ಅಂದರೆ ಏನು?

ಯಾವುದಾದರೂ ಕನ್ನಡ ಪುಸ್ತಕದ ಮೊದಲ ಹಾಳೆಗಳನ್ನು ತಿರುವಿ ನೋಡಿ. ಹಕ್ಕುಗಳು, ಬೆಲೆ, ಪ್ರತಿಗಳ ಸಂಖ್ಯೆ ಇರುವ ಪುಟದಲ್ಲಿ ‘ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ, 1/8 ಡೆಮಿ’ ಅನ್ನುವಂಥ ಸಾಲು ಇರುತ್ತದೆ (ಜಿಎಸ್‌ಎಂ ಕಾಗದದ ತೂಕದ ಅಳತೆ, ಮ್ಯಾಪ್‌ಲಿಥೊ ಒಂದು ಬಗೆಯ ಕಾಗದ). ಓದುವವರು ಅದನ್ನು ಗಮನಿಸುವುದಿಲ್ಲ, ಗಮನಿಸಬೇಕಾಗೂ ಇಲ್ಲ. ಪುಸ್ತಕ ಮಾಡಿಸಲು ಹೊರಟವರು ಮಾತ್ರ ಟೈಪು ಮಾಡುವ ಮೊದಲೇ ಇದನ್ನು ತಿಳಿದಿರಬೇಕು.

ಡೆಮಿ ಅನ್ನುವುದು ಅಚ್ಚಿನ ಕಾಗದದ ಒಂದು ಅಳತೆ: 17.5 × 22.5 ಇಂಚು. ಈ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆಗಳಾಗುತ್ತವೆ. ಅದೇ 1/8. ಅಂಚು ಕತ್ತರಿಸಿದ ಮೇಲೆ ಕೈಗೆ ಬರುವ ಪುಸ್ತಕ ಸುಮಾರು 5.5 × 8.5 ಇಂಚು. ನಮ್ಮ ಕಥೆ, ಕವನ, ಕಾದಂಬರಿಗಳು ಬಹುಪಾಲು ಇದೇ ಅಳತೆಯವು.

ಎಂಟು ಎಲೆ ಅಂದರೆ ಎರಡೂ ಬದಿ ಸೇರಿ 16 ಪುಟ. ಅಚ್ಚಿನವರ ಮಾತಿನಲ್ಲಿ ಇದು ಒಂದು ಫಾರಂ. ಒಂದು ಹಾಳೆ ಮಡಚಿ, 1ರಿಂದ 16ರವರೆಗೆ ಪುಟಸಂಖ್ಯೆ ಬರೆದು ಬಿಚ್ಚಿ ನೋಡಿ. 1ರ ಪಕ್ಕ 16, 8ರ ಪಕ್ಕ 9 ಕೂತಿರುತ್ತದೆ. ಕೆಲವು ಅಂಕಿ ತಲೆಕೆಳಗೂ ಇರುತ್ತವೆ. ಆ ಜೋಡಣೆ ಅಚ್ಚಿನ ಮನೆಯವರ ತಲೆನೋವು, ನಿಮ್ಮದಲ್ಲ. ನೀವು ಪುಟಗಳನ್ನು ಸರದಿಯಂತೆ ಕೊಟ್ಟರೆ ಸಾಕು.

ಆದರೆ ಫಾರಂ ಲೆಕ್ಕ ನಿಮ್ಮದೂ ಹೌದು. ತುಮಕೂರಿನ ಬಿ.ಎಚ್. ರಸ್ತೆ ಕಡೆಯ ಒಂದು ಡಿಟಿಪಿ ಅಂಗಡಿಗೆ ಶಿರಾದಿಂದ ಮೇಷ್ಟ್ರೊಬ್ಬರು ಕಥೆಗಳನ್ನು ತಂದರು ಅಂದುಕೊಳ್ಳಿ. ಎ4 ಹಾಳೆಯಲ್ಲಿ 60 ಪುಟ. ನಾಲ್ಕು ಫಾರಂನಲ್ಲಿ ಮುಗಿಯುತ್ತದೆ ಅನ್ನುವುದು ಅವರ ಲೆಕ್ಕ. “ಇಲ್ಲ ಸಾರ್, ಎಂಟರ ಹತ್ರ ಹೋಗುತ್ತೆ” ಅಂತಾರೆ ಅಂಗಡಿಯವರು. ಅವರು ಹೇಳುವುದು ಸರಿ. ಎ4 ಹಾಳೆ ಡೆಮಿ ಪುಟದ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಅಕ್ಷರದ ಗಾತ್ರ ಹಾಗೇ ಇಟ್ಟರೆ 60 ಪುಟ ಸುಮಾರು 120 ಆಗುತ್ತದೆ. ಶೀರ್ಷಿಕೆ ಪುಟ, ಅರ್ಪಣೆ, ಪರಿವಿಡಿ, ಲೇಖಕರ ಮಾತು ಸೇರಿದರೆ 128, ಅಂದರೆ ಸರಿಯಾಗಿ ಎಂಟು ಫಾರಂ. ಅಲ್ಲಿಗೆ ಮುನ್ನುಡಿ ಬರುತ್ತದೆ. ಮೂರು ಪುಟ ಬರೀತೀನಿ ಅಂದವರು ಏಳು ಪುಟ ಕಳಿಸುವುದು ನಮ್ಮಲ್ಲಿ ಮಾಮೂಲು, ಅಲ್ವಾ? ಆಗ ಅರ್ಧ ಫಾರಂ ಹೆಚ್ಚಿಸಬೇಕು, ಇಲ್ಲವೇ ಸಾಲುಗಳ ನಡುವಿನ ಜಾಗ ಬಿಗಿ ಮಾಡಬೇಕು. ನನ್ನನ್ನು ಕೇಳಿದರೆ ಅರ್ಧ ಫಾರಂ ಹಾಕಿಸುವುದೇ ವಾಸಿ. ಇಕ್ಕಟ್ಟಾದ ಕನ್ನಡ ಸಾಲಿನಲ್ಲಿ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗಿ ಕಣ್ಣಿಗೆ ಹಿಂಸೆ.

ನೂರು, ಇನ್ನೂರು ಪ್ರತಿಯನ್ನು ಡಿಜಿಟಲ್ ಅಚ್ಚಿನಲ್ಲಿ ಹಾಕಿಸುವವರಿಗೆ ಫಾರಂ ಅಷ್ಟು ಮುಖ್ಯವಲ್ಲ. ಪುಟದ ಅಳತೆ ಮಾತ್ರ ಅವರಿಗೂ ಬೇಕು.

ಹಾಗಾಗಿ ವರ್ಡ್ ತೆರೆದ ಕೂಡಲೇ ಪುಟದ ಅಳತೆಯನ್ನು 5.5 × 8.5 ಇಂಚಿಗೆ ಬದಲಿಸಿ. ಹೊಲಿಗೆ ಅಥವಾ ಅಂಟು ಬರುವ ಒಳಬದಿಗೆ ಹೊರಬದಿಗಿಂತ ಜಾಸ್ತಿ ಅಂಚು ಬಿಡಿ. ಹೊಸ ಅಧ್ಯಾಯಕ್ಕೆ ಸುಮ್ನೆ ಎಂಟರ್ ಒತ್ತುತ್ತಾ ಹೋಗಬೇಡಿ, ‘ಪೇಜ್ ಬ್ರೇಕ್’ ಹಾಕಿ. ಇಲ್ಲದಿದ್ದರೆ ಎಲ್ಲೋ ಒಂದು ಸಾಲು ಸೇರಿಸಿದರೂ ಮುಂದಿನದೆಲ್ಲ ಜರುಗುತ್ತದೆ.

ಇನ್ನು ಫಾಂಟು. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ, ಅಂದರೆ ಈಗ ಫೋನು, ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಕನ್ನಡ, ಕೂರುವುದಿಲ್ಲ. ಅದನ್ನೇ ಬಳಸುವ ಅಂಗಡಿಯವರು ನಿಮ್ಮ ಬರಹವನ್ನು ನುಡಿಯಂಥ ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆಗ ಅರ್ಕಾವೊತ್ತು, ಒತ್ತಕ್ಷರಗಳು ಎಡವಟ್ಟಾಗುವುದುಂಟು. ಕಡತದ ಜೊತೆ ಒಂದು ಪಿಡಿಎಫ್ ಕೊಟ್ಟಿದ್ದರೆ ತಾಳೆ ನೋಡಬಹುದು. ಕವನ ಬರೆಯುವವರಿಗಂತೂ ಡೆಮಿ ಅಳತೆಯಲ್ಲೇ ಮಾಡಿದ ಪಿಡಿಎಫ್ ಬೇಕೇ ಬೇಕು. ಎ4ನಲ್ಲಿ ಒಂದೇ ಸಾಲಾಗಿದ್ದದ್ದು ಡೆಮಿಯಲ್ಲಿ ಎರಡಾಗುತ್ತದೆ. ಎಲ್ಲಿ ಮುರಿಯಬೇಕು ಅನ್ನುವುದನ್ನು ಕವಿಯೇ ತೀರ್ಮಾನಿಸಬೇಕು, ಅಂಗಡಿಯ ಹುಡುಗ ಅಲ್ಲ.